ಕುದುರೆ ಕೂದಲಿಗೆ ಅಭ್ಯಂಜನ

ಕೊಬ್ಬರಿ ಎಣ್ಣೆ ಒಂದು ಟೀ ಚಮಚ; ಮೈಕ್ರೋವೇವಿನಲ್ಲಿ ಹನ್ನೆರಡು ಸೆಕೆಂಡು. ಹನ್ನೊಂದಕ್ಕೆ ತೆಗೆದರೆ ನಡುವೆ ಗಟ್ಟಿ ಉಳಿಯುತ್ತದೆ, ಹದಿಮೂರಕ್ಕೆ ಬೆರಳು ಸುಡುತ್ತದೆ. ಇಂಥ ವಿಷಯಗಳಲ್ಲಿ ನಾನು ಬಹಳ ಖಚಿತ. ಆ ಶನಿವಾರ ಬೆಳಿಗ್ಗೆಯೂ ಅಳತೆ ಸರಿಯಾಗಿತ್ತು, ಬಿಸಿ ಸರಿಯಾಗಿತ್ತು. ಹಚ್ಚಿದ ಕೂದಲು ಮಾತ್ರ ತಪ್ಪು!

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಮೆರಿಕದ ಕ್ಯಾರಿ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಸಂಖ್ಯಾಶಾಸ್ತ್ರದ ಪದವಿ, ಔಷಧ ಕಂಪನಿಯಲ್ಲಿ ಕೆಲಸ, ಯಾರ ತಂಟೆಗೂ ಹೋಗದ ಸ್ವಭಾವ. ಮೇಲಿನ ಮನೆಯಲ್ಲಿದ್ದವಳು ಓಯುನಾ. ಮಂಗೋಲಿಯಾದವಳು, ವಿಶ್ವವಿದ್ಯಾಲಯದಲ್ಲಿ ಪಶು ಆಹಾರದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಅವಳ ತಂದೆ ದೋರ್ಜ್ ಮೂರು ತಿಂಗಳಿಗೆಂದು ಬಂದಿದ್ದರು. ಅವರು ಮೋರಿನ್ ಖೂರ್ ವಾದಕರು. ಅಂದರೆ ತುದಿಯಲ್ಲಿ ಕುದುರೆಯ ತಲೆ ಕೆತ್ತಿದ, ಎರಡೇ ತಂತಿಯ, ಪಿಟೀಲಿನ ದೊಡ್ಡಪ್ಪನಂಥ ವಾದ್ಯ. ತಂತಿಯೂ ಕುದುರೆ ಬಾಲದ ಕೂದಲು, ಕಮಾನಿಗೆ ಕಟ್ಟಿದ್ದೂ ಅದೇ.

ಕ್ಯಾರಿಯಲ್ಲಿ ಅವರಿಗೆ ಮೂವರು ಶ್ರೋತೃಗಳಿದ್ದರು. ಮಗಳು, ಸೀಲಿಂಗಿನ ಕೆಳಗಿದ್ದ ನಾನು, ಮತ್ತು ಪಕ್ಕದ ಮನೆಯವನು. ಮೂರನೆಯವನು ಅಪಾರ್ಟ್‌ಮೆಂಟಿನ ಆಫೀಸಿಗೆ ದೂರು ಕೊಟ್ಟ. ಅಂದಿನಿಂದ ದೋರ್ಜ್ ವಾದ್ಯದ ಮೈಗೆ ಟವೆಲ್ ತುರುಕಿ ನುಡಿಸುತ್ತಿದ್ದರು.

"ಈ ಮಂಗಳವಾರ ಅಲ್ಲ, ಅದರ ಮುಂದಿನ ಮಂಗಳವಾರ ಅಪ್ಪ ವಾಪಸ್ ಹೋಗುತ್ತಾರೆ," ಎಂದಳು ಓಯುನಾ ಒಂದು ದಿನ, ಲಾಂಡ್ರಿಯಲ್ಲಿ. "ಅಮೆರಿಕದಲ್ಲಿ ನಿನ್ನ ಖೂರ್ ಯಾರು ಕೇಳಿದರು ಅಂತ ಊರವರು ಕೇಳ್ತಾರೆ. ಟವೆಲ್ ಕೇಳಿತು ಅನ್ನಬೇಕು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಯಾರಿಗೂ ಫೋನ್ ಮಾಡದ ನಾನು ಅಂದೇ ಸಂಜೆ ಕನ್ನಡ ಸಂಘದ ಶೇಷಾದ್ರಿ ಅಂಕಲ್‌ಗೆ ಫೋನ್ ಮಾಡಿದೆ.

"ಮಂಗೋಲಿಯಾನಾ? ಯುಗಾದಿ ಪ್ರೋಗ್ರಾಮಿಗಾ? ಏನಮ್ಮಾ ವಸುಧಾ, ನಮ್ಮ ಐಟಮ್ಸೇ ಮೂವತ್ತೆರಡಿದೆ. ಪ್ರತಿಯೊಬ್ರ ಮಗೂನೂ ಡ್ಯಾನ್ಸ್ ಮಾಡ್ಲೇಬೇಕು!"

"ಹತ್ತು ನಿಮಿಷ ಸಾಕು ಅಂಕಲ್."

"ಎಂಟು. ಇಂಟ್ರೊಡಕ್ಷನ್ ನೀನೇ ಮಾಡ್ಬೇಕು. ಅಂದ ಹಾಗೆ, ಅವ್ರು ಬಿಸಿಬೇಳೆಭಾತ್ ತಿಂತಾರಾ?"

ಎಂಟು ನಿಮಿಷಕ್ಕೆ ನಾನು ಎಂಟು ದಿನ ಸಿದ್ಧತೆ ನಡೆಸಿದೆ. ಒಂದು ಕಾರ್ಡಿನಲ್ಲಿ ಹದಿನಾಲ್ಕು ಮಂಗೋಲಿಯನ್ ಪದಗಳನ್ನು ಬರೆದುಕೊಂಡೆ. ಹಿರಿಯರ ಹೆಸರಿನ ಕೊನೆಗೆ ಗುವಾಯ್ ಸೇರಿಸಬೇಕು, ನಾವು ರಾಯರೇ ಅನ್ನುವ ಹಾಗೆ. ಧನ್ಯವಾದಕ್ಕೆ ಬಾಯರ್ಲಲಾ. ನಮಸ್ಕಾರ, ಸ್ವಾಗತ, ಸಂಗೀತ, ಕುದುರೆ, ಎಲ್ಲವೂ ಇತ್ತು. ಬೇಕಾಗುವ ಒಂದು ಪದ ಮಾತ್ರ ಇರಲಿಲ್ಲ. ಬೇಕಾಗುತ್ತದೆಂದು ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಮೇಲಿನ ಮನೆಗೆ ಜಿರಳೆ ಔಷಧಿ ಹೊಡೆಯುವವರು ಬರುವರೆಂದು ನೋಟಿಸ್ ಬಂತು. ದೋರ್ಜ್ ಗುವಾಯ್ ವಾದ್ಯವನ್ನು ಮಗುವಿನಂತೆ ಎತ್ತಿಕೊಂಡು ನನ್ನ ಮನೆಗೆ ಬಂದರು. ಬಾಗಿಲನ್ನೂ ಅದರ ಎದುರಿನ ಗೋಡೆಯನ್ನೂ ನೋಡಿದರು. "ಖೊಯ್ಮೊರ್," ಎಂದರು. ಅವರ ದುಂಡನೆಯ ಡೇರೆಮನೆಯಲ್ಲಿ ಬಾಗಿಲಿನ ಎದುರಿನ ಜಾಗ ಗೌರವದ್ದಂತೆ. ಖೂರ್ ಇಡುವುದು ಅಲ್ಲೇ. ನನ್ನ ಮನೆಯಲ್ಲಿ ಅಲ್ಲಿ ದೇವರ ಕಪಾಟಿತ್ತು. ಅವರು ತೃಪ್ತಿಯಿಂದ ತಲೆಯಾಡಿಸಿ, ವಾದ್ಯವನ್ನು ಲಕ್ಷ್ಮಿಯ ಪಕ್ಕ ಒರಗಿಸಿ ಹೋದರು.

ಅಮೆರಿಕದಲ್ಲಿ ಯುಗಾದಿ, ಪಂಚಾಂಗ ಏನೇ ಹೇಳಲಿ, ಶನಿವಾರವೇ ಬರುತ್ತದೆ. ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡೆ. ದೇವರಿಗೆ ದೀಪ ಹಚ್ಚಲು ಬಂದಾಗ ಕಮಾನು ಕಣ್ಣಿಗೆ ಬಿತ್ತು. ಅಯ್ಯೋ! ಕೂದಲು ಒಣಗಿ ಒರಟಾಗಿದೆ. ಉದ್ದಕ್ಕೂ ಬಿಳಿ ಪುಡಿ. ಥೇಟ್ ತಲೆಹೊಟ್ಟು!

ನಾನು ಎಂಟು ವರ್ಷ ವೀಣೆ ಕಲಿತವಳು. ವೀಣೆಯ ಪಕ್ಕ ಎಣ್ಣೆಯ ಬಟ್ಟಲು ಇದ್ದೇ ಇರುತ್ತದೆ, ಬೆರಳು ಜಾರಬೇಕಲ್ಲ. ವಾದ್ಯಕ್ಕೆ ಎಣ್ಣೆ, ಕೂದಲಿಗೆ ಎಣ್ಣೆ, ಯುಗಾದಿಗೆ ಎಣ್ಣೆ: ಮೂರು ಸ್ವತಂತ್ರ ಸಾಕ್ಷ್ಯಗಳು ಒಂದೇ ತೀರ್ಮಾನದತ್ತ ಬೆರಳು ತೋರಿದ್ದವು. ಸಂಖ್ಯಾಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚು ನಾವು ಕೇಳುವುದಿಲ್ಲ. ಪಿಟೀಲು ಕಲಿತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಮೊದಲು ಒದ್ದೆ ಬಟ್ಟೆಯಲ್ಲಿ ಹೊಟ್ಟು ಒರೆಸಿದೆ. ಆಮೇಲೆ ಬುಡದಿಂದ ತುದಿಯವರೆಗೆ, ಎಳೆ ಎಳೆಗೆ ಎಣ್ಣೆ ಹಚ್ಚಿ ನೀವಿದೆ. ಕೂದಲು ಮಿರಮಿರ ಮಿಂಚಿತು. ತಂತಿಗಳ ಸರದಿ ಬರುವಷ್ಟರಲ್ಲಿ ಚಮಚ ಖಾಲಿ. ಒಂದೇ ಚಮಚ ಅಳೆದದ್ದು ದೋರ್ಜ್ ಗುವಾಯ್ ಅವರ ಪುಣ್ಯ.

ಸಂಜೆ ಶಾಲೆಯೊಂದರ ಸಭಾಂಗಣ. ಇಪ್ಪತ್ತೆರಡನೆಯ ಐಟಂ ನಡೆಯುತ್ತಿತ್ತು. ರಂಗದ ಹಿಂದೆ ದೋರ್ಜ್ ಗುವಾಯ್ ನೀಲಿ ನಿಲುವಂಗಿ ತೊಟ್ಟು, ಖೂರ್ ಹಿಡಿದು ಕೂತು ಕಮಾನು ಎಳೆದರು.

ಸದ್ದಿಲ್ಲ.

ಮತ್ತೆ ಎಳೆದರು. ಕಮಾನು ಬೆಣ್ಣೆಯ ಮೇಲೆ ಚಾಕುವಿನಂತೆ ಜಾರಿತು. ಅವರು ಕೂದಲನ್ನು ಮುಟ್ಟಿದರು. ಬೆರಳು ನೋಡಿದರು. ಮೂಸಿದರು. ಮಗಳಿಗೆ ಏನೋ ಹೇಳಿದರು.

"ಇದರಲ್ಲಿ ಇದ್ದ ರಾಳ ಎಲ್ಲಿ ಅಂತ ಅಪ್ಪ ಕೇಳ್ತಿದ್ದಾರೆ," ಎಂದಳು ಓಯುನಾ. "ಬಿಳಿ ಪುಡಿ. ಅದಿಲ್ಲದಿದ್ದರೆ ಕೂದಲು ತಂತಿಯನ್ನು ಹಿಡಿಯೋದೇ ಇಲ್ಲ."

ತಲೆಹೊಟ್ಟು!

"ಓಯುನಾ, ನಿಮ್ಮ ಭಾಷೆಯಲ್ಲಿ ಕ್ಷಮಿಸಿ ಅನ್ನೋಕೆ ಏನಂತಾರೆ?"

"ಊಚ್ಲಾರೈ. ಯಾಕೆ?"

"ಊಚ್ಲಾರೈ, ದೋರ್ಜ್ ಗುವಾಯ್," ಎಂದೆ. ಏನು ಮಾಡಿದೆನೆಂದು ಹೇಳಲು ಪದಗಳಿರಲಿಲ್ಲ. ನನ್ನ ತಲೆಯ ಮೇಲೆಯೇ ಅಭಿನಯಿಸಿ ತೋರಿಸಿದೆ. ಅಂಗೈಗೆ ಸುರಿಯುವುದು, ನೆತ್ತಿಗೆ ತಟ್ಟುವುದು, ತಿಕ್ಕುವುದು. ಅವರು ಒಮ್ಮೆಯೂ ಕಣ್ಣು ಮಿಟುಕಿಸದೆ ನೋಡಿದರು.

ಅಷ್ಟರಲ್ಲಿ ಅಡುಗೆಯ ಉಸ್ತುವಾರಿಯ ಕಮಲಾ ಆಂಟಿ ಓಡಿ ಬಂದರು. "ಎಣ್ಣೆ ತಾನೇ? ಅದಕ್ಕೇನ್ ಅಳ್ತೀಯೆ? ಸೀಗೆಪುಡಿ ಇಲ್ಲ, ಬಜ್ಜಿಗೆ ತಂದ ಕಡಲೆಹಿಟ್ಟಿದೆ. ಉಜ್ಜು, ಎಣ್ಣೆಯೆಲ್ಲಾ ಎಳ್ಕೊಳ್ಳತ್ತೆ!"

ಉಜ್ಜಿದೆ. ಎಣ್ಣೆ ಹಿಟ್ಟನ್ನು ಎಳೆದುಕೊಂಡಿತು. ಕೂದಲು ಎಳೆಗೆ ಎಳೆ ಅಂಟಿಕೊಂಡಿತು.

"ಡ್ರೈಯರ್ ಹಿಡಿ, ಉದುರತ್ತೆ," ಎಂದರು ಆಂಟಿ, ಮೇಕಪ್ ಕೋಣೆಯಿಂದ ಹೇರ್ ಡ್ರೈಯರ್ ತಂದು.

ಹಿಡಿದೆ. ಉದುರಲಿಲ್ಲ, ಬೆಂದಿತು! ಸ್ಟೇಜಿನ ಹಿಂದೆಲ್ಲ ಬಜ್ಜಿಯ ಘಮ. ಮೂವತ್ತನೆಯ ಐಟಮಿನ ಮಕ್ಕಳು ಸಾಲು ಬಿಟ್ಟು ಕಮಾನಿನ ಸುತ್ತ ನೆರೆದರು.

"ವಸುಧಾ! ನೆಕ್ಸ್ಟ್ ನಿಮ್ದೇ!" ಶೇಷಾದ್ರಿ ಅಂಕಲ್ ಮೈಕ್ ಹಿಡಿದೇ ಬಂದರು. ಕಮಾನು ನೋಡಿ ನಿಂತರು. "ಯಾರಮ್ಮಾ ಇದಕ್ಕೆ ಎಣ್ಣೆ ಹಾಕಿದ್ದು?"

"ನಾನೇ ಅಂಕಲ್. ಯುಗಾದಿ ಅಂತ..."

ಮೈಕ್ ಆನ್ ಇತ್ತು. ಪರದೆಯ ಆಚೆ ಇನ್ನೂರು ಜನ ಒಟ್ಟಿಗೆ ನಕ್ಕದ್ದು ಕೇಳಿಸಿತು.

ದೋರ್ಜ್ ಗುವಾಯ್ ಎದ್ದರು. ಖೂರನ್ನು ಗೋಡೆಗೆ ಒರಗಿಸಿ ಒಮ್ಮೆ ಅದರ ಕುದುರೆಯ ಹಣೆ ಸವರಿದರು. ನನಗೆ ನೆಲ ಬಿರಿದರೆ ಸಾಕೆನ್ನಿಸಿತು. "ಅಪ್ಪ ಬಿಯೆಲ್ಗೀ ಮಾಡ್ತಾರಂತೆ, ಕುಣಿತ," ಎಂದಳು ಓಯುನಾ. "ನಾನು ಹಾಡ್ತೀನಿ."

ಬಿಯೆಲ್ಗೀ ಡೇರೆಯೊಳಗಿನ ಕುಣಿತ. ಜಾಗ ಕಡಿಮೆ, ಆದ್ದರಿಂದ ಕಾಲು ಹೆಚ್ಚು ಚಲಿಸುವುದಿಲ್ಲ. ಮಂಡಿ ಬಾಗಿಸಿ ನಿಂತಲ್ಲೇ ಭುಜ, ತೋಳು, ಮಣಿಕಟ್ಟು ಮಾತಾಡುತ್ತವೆ. ವಿಷಯವೆಲ್ಲ ಮನೆಗೆಲಸ. ನಾನು ಮೈಕಿನ ಮುಂದೆ ಇಷ್ಟನ್ನು ಹೇಳಿ ಬದಿಗೆ ನಿಂತೆ. ಓಯುನಾ ಹಾಡಿದಳು. ದೋರ್ಜ್ ಗುವಾಯ್ ಕುದುರೆಯ ಹಾಲು ಕರೆದರು, ಉಣ್ಣೆ ಬಡಿದರು, ಭುಜ ಕುಣಿಸಿ ಕುದುರೆ ಓಡಿಸಿದರು.

ಆಮೇಲೆ ಅವರು ಕೂತರು. ಎಡ ಅಂಗೈಗೆ ಏನೋ ಸುರಿದುಕೊಂಡರು. ಗಾಳಿಯಲ್ಲಿದ್ದ ಒಂದು ನೆತ್ತಿಗೆ ಪಟಪಟ ತಟ್ಟಿದರು, ಬಹಳ ಶ್ರದ್ಧೆಯಿಂದ ನೀವಿದರು, ಹಿಂದೆ ಸರಿದು ಕತ್ತು ಓರೆ ಮಾಡಿ ಮೆಚ್ಚಿಕೊಂಡರು. ಆ ಶ್ರದ್ಧೆ ನನ್ನದು. ಆ ಕತ್ತು ನನ್ನದು! ಸಭೆ ಬಿದ್ದು ಬಿದ್ದು ನಕ್ಕಿತು, ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೂರು ವರ್ಷದಲ್ಲಿ ಶೇಷಾದ್ರಿ ಅಂಕಲ್ ಬಿಟ್ಟರೆ ಸಂಘದ ಯಾರಿಗೂ ನನ್ನ ಹೆಸರು ಸರಿಯಾಗಿ ಗೊತ್ತಿರಲಿಲ್ಲ. ಈಗ ಹೆಸರು ಬೇಕಾಗಿಯೇ ಇರಲಿಲ್ಲ.

ಊಟದ ಸಾಲಿನಲ್ಲಿ ಓಯುನಾ ಮೆಲ್ಲಗೆ ಹೇಳಿದಳು: "ಅಪ್ಪನಿಗೆ ಖುಷಿಯಾಯ್ತು. ಆದರೆ ಖೂರ್ ಯಾರೂ ಕೇಳಲಿಲ್ಲ."

ಬಿಸಿಬೇಳೆಭಾತ್ ಬಡಿಸುತ್ತಿದ್ದ ಶೇಷಾದ್ರಿ ಅಂಕಲ್ ಸೌಟು ನಿಲ್ಲಿಸಿದರು. "ನಾಳೆ ಹನ್ನೊಂದಕ್ಕೆ ನಮ್ಮನೆಗೆ ಬರ್ಲಿ. ಎಂಟು ನಿಮಿಷ ಅಲ್ಲ, ಎಷ್ಟೊತ್ತಾದ್ರೂ ನುಡಿಸ್ಲಿ. ಜನಾನ ನಾನ್ ಕರೀತೀನಿ. ಕೂದ್ಲು ನಿನ್ ಜವಾಬ್ದಾರಿ ಕಣಮ್ಮಾ."

ಮರುದಿನ ಬೆಳಿಗ್ಗೆ ಆರಕ್ಕೆ ಅಪ್ಪ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಓಯುನಾಗೆ ಪರಿಚಯದ ರೈತನೊಬ್ಬನ ಲಾಯಕ್ಕೆ ಹೋದೆ. ದೋರ್ಜ್ ಗುವಾಯ್ ನಾಲ್ಕು ಕುದುರೆಗಳ ಬಾಲವನ್ನು, ಹೆಣ್ಣು ನೋಡಲು ಬಂದವರಂತೆ, ಬೆಳಕಿಗೆ ಹಿಡಿದು ನೋಡಿ ಒಂದನ್ನು ಒಪ್ಪಿದರು. ನಾನು ಬಾಲ ಹಿಡಿದೆ, ಅವರು ಕತ್ತರಿಸಿದರು. ತೊಳೆಯುವ ಕೆಲಸ ನನಗೆ ಬಂತು. ಕೂದಲು ಕೊಡುವ ಮೊದಲು ಅವರು ಶಾಂಪೂ ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ನನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದರು. ಆಮೇಲೆ ಕೊಟ್ಟರು.

ಹತ್ತಕ್ಕೆ ಕೂದಲು ಕಟ್ಟಿ, ರಾಳ ತಿಕ್ಕಿದರು. ಹನ್ನೊಂದಕ್ಕೆ ಶೇಷಾದ್ರಿ ಅಂಕಲ್ ಮನೆಯ ಲಿವಿಂಗ್ ರೂಮಿನಲ್ಲಿ ನಲವತ್ತು ಜನರ ಮುಂದೆ ಖೂರ್ ನುಡಿಯಿತು, ಟವೆಲ್ ಇಲ್ಲದೆ. ಮೊದಲು ಉರ್ತಿನ್ ದೂ, ಅಂದರೆ ಒಂದೊಂದು ಸ್ವರವೂ ಬಯಲಿನಷ್ಟು ಉದ್ದಕ್ಕೆ ಚಾಚುವ ಹಾಡು. ತಾಳ ಹಾಕಲೆಂದು ಅಂಕಲ್ ಎತ್ತಿದ ಕೈ ತೊಡೆಗೆ ಇಳಿಯಲು ಜಾಗ ಸಿಗದೆ ಬಹಳ ಹೊತ್ತು ಗಾಳಿಯಲ್ಲೇ ಇತ್ತು. ಓಯುನಾ ತಂದೆಯ ಮುಖವನ್ನೇ ನೋಡುತ್ತಿದ್ದಳು. ಒಂದು ಗಂಟೆ ಯಾರೂ ಕಾಫಿ ಕೇಳಲಿಲ್ಲ. ನಮ್ಮವರಲ್ಲಿ ಇದು ದೊಡ್ಡ ಮಾತು.

ಕೊನೆಗೆ ಕಮಲಾ ಆಂಟಿ ವಂದನಾರ್ಪಣೆಗೆ ಎದ್ದು, ಚೀಟಿ ಬಿಡಿಸಿ ಓದಿದರು: "ವಾದನ, ಶ್ರೀ ದೋರ್ಜ್ ಅವರು. ಆತಿಥ್ಯ, ಶೇಷಾದ್ರಿ ದಂಪತಿಗಳು. ಕೇಶಸೇವೆ, ಕುಮಾರಿ ವಸುಧಾ. ಎದ್ದು ನಿಂತ್ಕೊಳ್ಳಮ್ಮಾ, ಎಲ್ರೂ ನೋಡ್ಲಿ."

ಎದ್ದೆ. ಕೈ ಮುಗಿದೆ. ಕೂತೆ.