ಹನ್ನೊಂದು ಮಂದಿಯ ದಿಬ್ಬಣ

ನಡೆದದ್ದು ಇಷ್ಟೇ: ನಮ್ಮೂರಿನ ಹುಡುಗರು ನಾಲ್ಕು ಗೋಲು ತಿಂದರು, ನೋಡಲು ಬಂದವರು ಉಪ್ಪಿಟ್ಟು ತಿಂದರು, ಹೆಸರು ನನ್ನ ಮೈದುನನಿಗೆ ಬಂತು. ಈಗ ನಾರಾಯಣಪೇಟೆಯ ಯಾವ ಚಹದ ಅಂಗಡಿಗೆ ಹೋದರೂ ‘ಆ ಮನುಷ್ಯನಿಗೆ ಫುಟ್ಬಾಲ್ ಅಂದರೆ ಪಂಚಪ್ರಾಣ’ ಎಂಬ ಮಾತು. ಶುದ್ಧ ಸುಳ್ಳು! ನನ್ನ ಮೈದುನನಿಗೆ ಫುಟ್ಬಾಲಿನ ಬಗ್ಗೆ ತಿಳಿದಿರುವುದು ಒಂದೇ ಸಂಗತಿ, ಚೆಂಡು ದುಂಡಗಿರುತ್ತದೆ ಎಂಬುದು. ಗೋಲಿನ ಮುಂದೆ ನಿಲ್ಲುವ ಹುಡುಗ ಒಬ್ಬನೇ ಯಾಕೆ ಬೇರೆ ಬಣ್ಣದ ಅಂಗಿ ತೊಟ್ಟಿರುತ್ತಾನೆ ಎಂದು ಕೇಳಿ ನೋಡಿ. “ಅವಂದು ಒಗಿಯಾಕ ಹಾಕಿರಬೇಕು” ಎನ್ನುತ್ತಾನೆ!

ಮೈದುನ ಅಂದರೆ ನನ್ನ ಗಂಡನ ತಮ್ಮ. ಮದುವೆಯಾಗಿಲ್ಲ, ನಮ್ಮ ಮನೆಯಲ್ಲೇ ಇದ್ದಾನೆ. ನಾನು ಸೊಸೆಯಾಗಿ ಬಂದ ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ಈಗ ತಲೆ ಪೂರಾ ಬೆಳ್ಳಗಾದರೂ ಅಲ್ಲೇ ಕೂತಿದ್ದಾನೆ. ಸೀರೆ ನೇಯುತ್ತಾನೆ. ಚೆನ್ನಾಗಿಯೇ ನೇಯುತ್ತಾನೆ, ಅದಕ್ಕೆ ನಾನು ಹೆಸರಿಡಲಾರೆ. ಆದರೆ ಮಗ್ಗ ಬಿಟ್ಟು ಎದ್ದನೆಂದರೆ ಯಾರದೋ ಮನೆಯ ಕಾರ್ಯಕ್ಕೆ ಹೊರಟ ಎಂದೇ ಅರ್ಥ. ಮಕ್ತಲದಲ್ಲಿ ಮದುವೆ, ದಾಮರಗಿದ್ದದಲ್ಲಿ ತೊಟ್ಟಿಲು, ವಡ್ಡೆಪಲ್ಲಿಯಲ್ಲಿ ಗೃಹಪ್ರವೇಶ. ಕರೆದರೂ ಹೋಗುತ್ತಾನೆ, ಕರೆಯುವುದು ಮರೆತಿದ್ದರೂ ಹೋಗುತ್ತಾನೆ! ಹೋದವನು ಉಂಡು ಕೈತೊಳೆದು ಬರುವ ಪೈಕಿಯೂ ಅಲ್ಲ. ಹಂದರ ಹಾಕುತ್ತಾನೆ, ನೀರು ಹೊರುತ್ತಾನೆ, ಮುನಿಸಿಕೊಂಡ ಬೀಗರನ್ನು ರಮಿಸುತ್ತಾನೆ, ಬರುವಾಗ ಟವೆಲ್ಲೋ ಕುಬುಸದ ಕಣವೋ ಕೊಟ್ಟು ಮುಯ್ಯಿ ಮಾಡುತ್ತಾನೆ. ನಮ್ಮಲ್ಲಿ ಮುಯ್ಯಿ ಅಂದರೆ ಸಾಲವಲ್ಲ, ಮರ್ಯಾದೆ. ನಾನು ನಿನ್ನ ಮನೆಯ ಕಾರ್ಯಕ್ಕೆ ಬಂದೆ, ನೀನು ನನ್ನ ಮನೆಯದಕ್ಕೆ ಬಾ. ಅಷ್ಟೇ.

ಈ ವರ್ಷ ನಮ್ಮೂರಿನಲ್ಲಿ ಒಂದು ಫುಟ್ಬಾಲ್ ಕ್ಲಬ್ಬು ಹುಟ್ಟಿತು. ಹುಟ್ಟಿಸಿದವರು ಶಾಲೆಯ ಪಿ.ಟಿ. ಮಾಸ್ತರರು. ಲೀಗಿಗೆ ಹೆಸರು ಕೊಟ್ಟಾಗಿತ್ತು, ಆಟಗಳು ಶುರುವಾಗಲು ಇನ್ನೊಂದು ತಿಂಗಳಿತ್ತು. ಕ್ಲಬ್ಬಿಗೆ ಒಂದು ಬಾವುಟ ನೇಯಿಸಬೇಕೆಂದು ಮಾಸ್ತರರು ನಮ್ಮ ಮನೆಗೆ ಬಂದರು. ಬಂದವರು ಬಾವುಟದ ಅಳತೆ ಹೇಳಿ ಹೋಗಬೇಕಿತ್ತು. ಮೈದುನನ ಎದುರು ಕೂತು ಕಷ್ಟ ಹೇಳಿಕೊಂಡರು. ಅದೇ ತಪ್ಪಾಯಿತು.

“ಕಾಕಾ, ಹುಡುಗರು ಆಡ್ತಾರ್ರಿ. ನೋಡೋರಽ ಇಲ್ಲ. ಮುಂದಿನ ಐತಾರ ಬಿಟ್ಟು ಆಚಿ ಐತಾರ ಗದ್ವಾಲದವರ ಜೋಡಿ ತಯಾರಿ ಆಟ ಐತಿ. ಲೀಗಿನವರು ನೋಡಾಕ ಬರ್ತಾರ. ಮೈದಾನ ತುಂಬಿದ್ರ ನಮ್ಮ ಪಾಲಿನ ಆಟ ನಮ್ಮೂರಾಗಽ ನಡೀತಾವ. ಇಲ್ಲಾಂದ್ರ ಈ ವರ್ಷ ಅವೂ ಗದ್ವಾಲದಾಗಽ.”

ಮೈದುನ ಲಾಳಿ ಕೆಳಗಿಟ್ಟ. “ನಮ್ಮ ಪಾಲಿನವೂ ಅಲ್ಲೇ?”

“ಹೂಂರಿ.”

“ಅಂದ್ರ ನಮ್ಮನಿ ಲಗ್ನಾನೂ ಅವರ ಅಂಗಳದಾಗ!” ಎಂದು ಗುಂಡಿಯಿಂದ ಎದ್ದೇಬಿಟ್ಟ. ಎದ್ದ ಮೇಲೆ ಕೇಳಬೇಕೆ? ಮೈದಾನ ತುಂಬಿಸುವುದು ತನ್ನ ಜವಾಬ್ದಾರಿ ಎಂದು ಎದೆ ಮುಟ್ಟಿಕೊಂಡು ಹೇಳಿದ.

“ಫುಟ್ಬಾಲಿಗೂ ನಿನಗೂ ಏನೋ ಸಂಬಂಧ?” ಎಂದೆ ನಾನು.

“ಅತ್ತಿಗೆವ್ವ, ಜೀವಮಾನ ಪೂರಾ ಕಾಲಿಲೆ ಮಗ್ಗ ತುಳಿದೋರು ನಾವು. ಕ್ರಿಕೆಟ್ ಕೈಯವರ ಆಟ. ಫುಟ್ಬಾಲ್ ನೇಕಾರರದು!”

“ಹಂಗಾದ್ರ ನೀನಽ ಹೋಗಿ ಆಡು. ಮೊಣಕಾಲಿಗೆ ಎಣ್ಣಿ ಮಾತ್ರ ನಾ ತಿಕ್ಕಂಗಿಲ್ಲ.”

ಮರುದಿನ ಸಂಜೆ ನಿಜವಾಗಿಯೂ ಮೈದಾನಕ್ಕೆ ಹೋದ! ಮಾಸ್ತರರು ಚಹ ಕುಡಿಯಲು ಹೋದದ್ದೇ ತಡ, ಹುಡುಗರಿಗೆ ಪಾಠ ಶುರು ಮಾಡಿದ. “ಚೆಂಡು ಅಂದ್ರ ಲಾಳಿ ಇದ್ದಂಗ. ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ. ನಡುವ ನಿಂತಿತೋ, ಎಳಿ ಹರೀತು!” ಹಿರಿಯರ ಮಾತು ಎಂದು ಹುಡುಗರು ಹಾಗೇ ಆಡಿದರು. ಅರ್ಧ ತಾಸು ಚೆಂಡು ಅಡ್ಡಡ್ಡಲಾಗಿ ಓಡಾಡಿತು. ಗೋಲಿನ ಮುಖವನ್ನೇ ನೋಡಲಿಲ್ಲ. ಮಾಸ್ತರರು ಬಂದು ಗಾಬರಿಯಾದರು.

“ಯಾಕಲೇ, ಒಬ್ಬನೂ ಮುಂದ ಹೋಗವಲ್ಲ?”

“ಅಂಚು ಇನ್ನಾ ಮುಗಿದಿಲ್ಲ ಅಂತ ಕಾಕಾ ಅಂದಾರ್ರಿ, ಸರ್.”

ಬಾವುಟದ ಕಥೆ ಇನ್ನೊಂದು. ಕೈ ಕಲಿತ ವಿದ್ಯೆ ಬಿಡುತ್ತದೆಯೇ? ಚೌಕಳಿ ಹಾಕಿದ, ಎರಡೂ ಕಡೆ ಜರಿಯ ಅಂಚು ಕೂಡಿಸಿದ. ನೇಯ್ದು ಮುಗಿಸುವ ಹೊತ್ತಿಗೆ ಅದು ಬಾವುಟವಾಗಿ ಉಳಿದಿರಲಿಲ್ಲ. ನೋಡಲು ಬಂದ ಪಕ್ಕದ ಮನೆಯವಳು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, “ಬಣ್ಣ ಛಲೋ ಐತ್ರಿ. ಸೆರಗು ಯಾವ ಕಡಿ?” ಎಂದಳು.

ಇನ್ನು ಜನ ಸೇರಿಸುವ ಕೆಲಸ. ಮಾಸ್ತರರು ಫೋನಿನಲ್ಲಿ ಗುಂಪು ಕಟ್ಟಿ ಚಿತ್ರಗಳನ್ನು ಕಳಿಸಿದ್ದರು. ಜನ ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗಿದ್ದರು. ಗೋಡೆಗೆ ಕಾಗದ ಅಂಟಿಸಿದ್ದರು. ಅದನ್ನು ಆಡುಗಳು ತಿಂದಿದ್ದವು. ಮೈದುನ ಇದನ್ನೆಲ್ಲ ಕೇಳಿ ನಕ್ಕ. “ಹಂಗ ಕರದ್ರ ಸತ್ತವರ ಮಣ್ಣಿಗೂ ಬರಂಗಿಲ್ಲ ಮಂದಿ. ಅತ್ತಿಗೆವ್ವ, ಒಂದು ಸೇರು ಅಕ್ಕಿಗೆ ಅರಿಶಿಣ ಹಚ್ಚಿ ಕೊಡು.”

“ಚೆಂಡಿಗೆ ಅಕ್ಷತಿ ಹಾಕ್ತೀಯೇನು?”

“ಮನಿಮನಿಗೆ ಹೋಗಿ ಅಕ್ಷತಿ ಕೊಟ್ಟು ಕರೀತೀನಿ. ಅಕ್ಷತಿ ಇಸಗೊಂಡ ಮ್ಯಾಲ ಬರಲಾರದ ಮನಿ ತೋರಸು ನನಗ!”

ಅರಿಶಿಣ ಹಚ್ಚಿ ಕೊಟ್ಟೆ. ಎಂಟು ದಿನ ಮನುಷ್ಯ ಮಗ್ಗಕ್ಕೆ ಕೂರಲಿಲ್ಲ. ಸೀರೆ ಅರ್ಧಕ್ಕೇ ನಿಂತಿತು. ಮಕ್ತಲಕ್ಕೆ ಹೋದ ದಿನ ನಾನೂ ಜೊತೆಗಿದ್ದೆ, ಅಲ್ಲಿ ನನ್ನ ತಂಗಿಯ ಮನೆಯಿದೆ. ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರ ಕೈಗೆ ಇವನು ಅಕ್ಷತೆ ಹಾಕಿ ಕೈಮುಗಿದ.

“ಲಗ್ನ ಯಾರದಪ?”

“ಲಗ್ನ ಅಲ್ರಿ, ಫುಟ್ಬಾಲ್ ಐತಿ. ಐತಾರ ಮುಂಜಾನೆ, ಶಾಲಿ ಮೈದಾನದಾಗ.”

“ಎದುರಿನವರು ಯಾವ ಊರವರು?”

“ಗದ್ವಾಲದವರು.”

“ಛಲೋ ಮಂದಿ. ಎಷ್ಟು ಮಂದಿ ಬರ್ತಾರ?”

“ಆಡಾಕ ಹನ್ನೊಂದು. ಮತ್ತ ಬಾಜೂಕ ಕುಂದ್ರಾಕ ನಾಲ್ಕು.”

ಮುದುಕರು ಮೂಗಿನ ಮೇಲೆ ಬೆರಳಿಟ್ಟರು. “ಇಷ್ಟಽ ದಿಬ್ಬಣಾ? ಭಾಳ ಜಿಪುಣರು ಕಾಣ್ತಾರ! ಇರಲಿ, ಊಟಕ್ಕ ಏನು?”

“ಉಪ್ಪಿಟ್ಟು ಐತ್ರಿ. ನಮ್ಮ ಅತ್ತಿಗೆವ್ವ ಮಾಡ್ತಾರ.”

ಉಪ್ಪಿಟ್ಟು ನಾನು ಮಾಡುತ್ತೇನೆ ಎಂದು ನನಗೆ ತಿಳಿದದ್ದು ಆಗಲೇ! ಬಸ್ಸಿನಲ್ಲಿ ಮನೆ ತಲುಪುವವರೆಗೂ ಬೈದೆ. “ನಾಲ್ಕು ಮಂದಿ ಬಂದ್ರ ನನ್ನ ಹೆಸರು ತಗದು ಬ್ಯಾರೆ ಇಡು” ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. ಒಂದೇ ಮಾತು ಹೇಳಿದ: “ಬರ್ತಾರ.” ಆದರೆ ಮನೆಗೆ ಬಂದ ಮೇಲೆ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ನನ್ನ ಮೈದುನನಿಗೆ ಹಸಿವಿಲ್ಲದ್ದನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ.

ಭಾನುವಾರ ಬಂತು. ಏಳು ಗಂಟೆಗೆ ಮೈದಾನದಲ್ಲಿ ಇದ್ದವರು ನಾವಿಬ್ಬರು, ಉಪ್ಪಿಟ್ಟಿನ ಹಂಡೆ ಮತ್ತು ಎರಡು ನಾಯಿ. ಮೈದುನ ಸೀರೆಯಂಥ ಬಾವುಟ ಕಟ್ಟಿದ ಬಿದಿರನ್ನು ಹಿಡಿದು ರಸ್ತೆಯನ್ನೇ ನೋಡುತ್ತಾ ನಿಂತಿದ್ದ. ಎಂಟಕ್ಕೆ ಒಂದು ಆಟೋ ಬಂತು. ಹಿಂದೆ ಇನ್ನೊಂದು. ಆಮೇಲೆ ದಾಮರಗಿದ್ದದಿಂದ ಒಂದು ಟ್ರ್ಯಾಕ್ಟರು, ಅದರ ತುಂಬ ಜನ! ಮಕ್ತಲದ ಬಸ್ಸು ಮೈದಾನದ ಎದುರೇ ನಿಂತು ಅರ್ಧ ಖಾಲಿಯಾಯಿತು. ಹೆಂಗಸರು ಪೆಟ್ಟಿಗೆಯೊಳಗಿನ ಸೀರೆ ಉಟ್ಟು, ಹೂ ಮುಡಿದು, ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದರು. ಹೇಳದೆಯೇ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರು. ಹಂದರ ಎಲ್ಲಿ ಎಂದು ಒಬ್ಬಳು ಕೇಳಿದಳು. ಯಾರೋ ಗೋಲಿನ ಬಲೆ ತೋರಿಸಿದರು. “ಇದಾ? ಬೋಳು ಐತಲ್ಲವ್ವ!” ಎಂದು ಇಬ್ಬರು ಎದ್ದು ಹೋಗಿ ಗೋಲಿನ ಕಂಬಗಳಿಗೆ ಮಾವಿನ ತೋರಣ ಕಟ್ಟಿ ಬಂದರು!

ಆಟ ಶುರುವಾಯಿತು. ಇಲ್ಲಿ ನನ್ನ ಮೈದುನನ ಲೆಕ್ಕಕ್ಕೆ ಬಾರದ ಒಂದು ಸಂಗತಿ ನಡೆಯಿತು. ಅಕ್ಷತೆ ಕೊಟ್ಟು ಕರೆದ ಮೇಲೆ ಅದು ಕಾರ್ಯವೇ. ಕಾರ್ಯ ಅಂದ ಮೇಲೆ ಎದುರಿನ ಊರಿನವರು ಬೀಗರೇ. ಬೀಗರ ಮನಸ್ಸು ನೋಯಿಸಿದವರು ನಮ್ಮ ಸೀಮೆಯಲ್ಲಿ ಉಳಿದದ್ದುಂಟೇ? ಗದ್ವಾಲದವರು ಮೊದಲ ಗೋಲು ಹೊಡೆದಾಗ ನಮ್ಮ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಮ್ಮ ಹುಡುಗನೊಬ್ಬ ಅವರ ಹುಡುಗನಿಗೆ ಕಾಲು ಅಡ್ಡಹಾಕಿ ಬೀಳಿಸಿದಾಗ ಮಕ್ತಲದ ಆ ಮುದುಕರು ಕೋಲು ಊರಿಕೊಂಡು ಮೈದಾನದ ನಡುವೆ ನಡೆದರು. “ಮನಿಗೆ ಬಂದವರನ್ನ ಬೀಳಸ್ತೀಯೇನಲೇ? ಎಬ್ಬಸು ಮೊದಲ!” ಎಬ್ಬಿಸಿ, ಬೆನ್ನಿನ ಮಣ್ಣು ಝಾಡಿಸುವವರೆಗೂ ಹೊರಗೆ ಬರಲಿಲ್ಲ. ಸೀಟಿ ಊದುವವನು ಊದುತ್ತಲೇ ಇದ್ದ, ಕೇಳುವವರು ಯಾರು?

ನಾಲ್ಕನೆಯ ಗೋಲಂತೂ ನಮ್ಮವರೇ ಕೊಡಿಸಿದ್ದು. ನಮ್ಮ ಗೋಲು ಕಾಯುವ ಹುಡುಗನ ಅಜ್ಜಿ ಬಲೆಯ ಹಿಂದೆಯೇ ಕೂತಿದ್ದಳು. “ಪಾಪ, ಅಷ್ಟು ದೂರದಿಂದ ಓಡಿ ಬರಾಕತ್ತಾನ. ಒಂದು ಬಿಡೋ!” ಎಂದು ಕೂಗಿದಳು. ಹುಡುಗ ತಿರುಗಿ “ಅಜ್ಜೀ, ಸುಮ್ಮನಿರು!” ಎನ್ನುವುದರೊಳಗೆ ಚೆಂಡು ಒಳಗೆ.

ಮಾಸ್ತರರು ತಲೆ ಹಿಡಿದುಕೊಂಡು ಕೂತರು. “ಕಾಕಾ, ಇವರು ನಮ್ಮ ಕಡಿಯವರಾ, ಅವರ ಕಡಿಯವರಾ?”

“ಎರಡೂ ಕಡಿಯವರು ಕೂಡಿದ್ರಽ ಕಾರ್ಯ ಆಗೋದು, ಮಾಸ್ತರ!”

ಆಟ ಮುಗಿದ ಮೇಲೆ ಲೀಗಿನಿಂದ ಬಂದಿದ್ದ ಇಬ್ಬರು ನಮ್ಮ ಮಾಸ್ತರರನ್ನು ಬದಿಗೆ ಕರೆದರು. ಈ ವರ್ಷ ನಾರಾಯಣಪೇಟೆಯ ಪಾಲಿನ ಆಟಗಳು ನಾರಾಯಣಪೇಟೆಯಲ್ಲೇ ಎಂದರು. ಹೊರಟು ನಿಂತ ಗದ್ವಾಲದ ನಾಯಕ ನನ್ನ ಹತ್ತಿರ ಬಂದು, “ಅವ್ವಾ, ಇಂಕೋಸಾರಿ ಪಿಲವಂಡಿ” ಎಂದು ತೆಲುಗಿನಲ್ಲಿ ಹೇಳಿದ. ಇನ್ನೊಮ್ಮೆ ಕರೆಯಬೇಕಂತೆ! ನಾಲ್ಕು ಗೋಲು ಹೊಡೆದು ಎರಡು ತಟ್ಟೆ ಉಪ್ಪಿಟ್ಟು ಹೊಡೆದವನು ಕರೆದರೆ ಯಾಕೆ ಬರುವುದಿಲ್ಲ?

ಜನ ಎದ್ದರು. ಮನೆಗೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕಂಕುಳಿನ ಗಂಟು ಬಿಚ್ಚಿದರು. ಬಾವುಟ ಹಿಡಿದು ನಿಂತಿದ್ದ ನನ್ನ ಮೈದುನನ ಮುಂದೆ ಸಾಲಾಗಿ ನಿಂತು ಒಬ್ಬೊಬ್ಬರೇ ಹೆಗಲಿಗೆ ಟವೆಲ್ ಹೊದಿಸಿದರು. ಅವನು ಹಿಂದೆ ಹಿಂದೆ ಸರಿದ.

“ನನಗ್ಯಾಕ್ರಿ? ಆಡಿದ ಹುಡುಗರಿಗೆ ಕೊಡ್ರಿ.”

ದಾಮರಗಿದ್ದದಿಂದ ಟ್ರ್ಯಾಕ್ಟರಿನಲ್ಲಿ ಬಂದ ಮುದುಕಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. “ಸುಮ್ಮನ ನಿಂದ್ರಪ. ನನ್ನ ನಾಲ್ಕು ಮಕ್ಕಳ ಲಗ್ನಕ್ಕ ಬಂದಿ. ಮೊಮ್ಮಕ್ಕಳ ತೊಟ್ಟಿಲಿಗೆ ಬಂದಿ. ನಿನಗ ಮುಯ್ಯಿ ಮಾಡೂಣಂದ್ರ ನಿಂದು ಅಂತ ಒಂದು ಕಾರ್ಯಾನೂ ಆಗಲಿಲ್ಲ. ಇವತ್ತ ಕರದಿ. ಬರಲಾರದ ಹ್ಯಾಂಗಿರಲಿ?”

ನಾನು ಸೌಟು ಹಿಡಿದು ಅಲ್ಲೇ ನಿಂತಿದ್ದೆ. ಅವನಿಗೆ ಮೂರು ಕಡೆ ಹೆಣ್ಣು ನೋಡಿದ್ದೆವು. ಮೂರೂ ಕೂಡಿಬರಲಿಲ್ಲ. ನಾಲ್ಕನೆಯದನ್ನು ನೋಡಲಿಲ್ಲ. ಅವನು ಒಂಟಿಯಾಗಿದ್ದರೆ ನಮ್ಮ ಮಗ್ಗಕ್ಕೆ ಎರಡು ಕಾಲು ಖಾಯಂ ಅಲ್ಲವೇ ಎಂದು ನಾನೇ ಮಾತು ತೆಗೆಯಲಿಲ್ಲ. ಅವನೂ ಕೇಳಲಿಲ್ಲ. ಇದನ್ನು ಯಾರ ಮುಂದೆಯೂ ಹೇಳಿರಲಿಲ್ಲ, ಈಗ ಬರೆದೆ.

ಟವೆಲ್ಲುಗಳು ಕಿವಿಯ ತನಕ ಏರಿದ್ದವು. ಅವುಗಳ ನಡುವಿನಿಂದ ಮುಖ ಎತ್ತಿ ಅವನು ನನ್ನನ್ನು ಕೇಳಿದ, “ಅತ್ತಿಗೆವ್ವ, ಉಪ್ಪಿಟ್ಟು ಎಲ್ಲಾರಿಗೂ ಮುಟ್ಟಿತೇನು?” ಕಾರ್ಯದ ಮನೆಯ ಯಜಮಾನ ಕೇಳುವ ಮಾತು. ಮುಟ್ಟಿತು ಎಂದೆ.

ಮರುದಿನ ಬೆಳಗಾಗುತ್ತಲೇ ಕಸಬರಿಗೆ ಹಿಡಿದು ಮೈದಾನಕ್ಕೆ ಹೋದೆ. ಎಲೆ, ಕಾಗದದ ಲೋಟ, ಬಾಡಿದ ಹೂವು, ಎಲ್ಲ ಹಾಗೇ ಬಿದ್ದಿತ್ತು. ಸೈಕಲ್ಲಿನ ಮೇಲೆ ಬಂದ ಮಾಸ್ತರರು ಓಡಿ ಬಂದರು. “ಅಯ್ಯ, ಬಿಡ್ರಿ ಅವ್ವಾ, ಗುಡಸಾಕ ಮುನಸಿಪಾಲ್ಟಿಯವರು ಬರ್ತಾರ!”

“ಕಾರ್ಯ ಆಗಿದ್ದು ನಮ್ಮನಿದು. ಅವರ್ಯಾಕ ಗುಡಸ್ತಾರ? ಕಾಲು ತಗೀರಿ” ಎಂದೆ.

ಈ ಗೋಲಿನಿಂದ ಆ ಗೋಲಿನವರೆಗೆ ಗುಡಿಸಿ, ನೀರು ಚಿಮುಕಿಸಿ ಮನೆಗೆ ಬಂದೆ.