ನಲವತ್ತಮೂರನೆಯ ಪುಟದ ಮಹಾಸಮರ

ಮೊದಲು ಯಾರನ್ನು ನೆನೆಯಲಿ? ಬರೆದದ್ದನ್ನು ತಿರುಗಿ ಓದದ ಮಹಾನುಭಾವರನ್ನೇ, ಅದನ್ನು ನಂಬಿ ಕೆಟ್ಟ ಪಾಪಿಗಳನ್ನೇ? ಇಬ್ಬರಿಗೂ ಒಂದೊಂದು ನಮಸ್ಕಾರ ಹಾಕಿ ತೊಡಗುತ್ತೇನೆ. ಯಂತ್ರಗಳು ಎಲ್ಲವನ್ನೂ ನೆನಪಿಟ್ಟುಕೊಳ್ಳುವ, ಮನುಷ್ಯರು ತಾವಿಟ್ಟ ಹೆಸರನ್ನೇ ಮರೆಯುವ ಈ ಕಲಿಯುಗದಲ್ಲಿ, ಮೈಸೂರೆಂಬ ಮಹಾನಗರದಲ್ಲಿ, ಟೈರ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿ, ಹಾಲು ತಂಪಿಡುವ ಟ್ಯಾಂಕುಗಳಿಗೆ ಪ್ರೋಗ್ರಾಮ್ ಬರೆಯುವ ಕಚೇರಿಯೊಂದಿತ್ತು. ಅಲ್ಲಿ ಸಪ್ತದಶವರ್ಷಾನುಭವಗರ್ವಶಿಖರಾರೂಢನೂ, ಮಾನಿಟರುದ್ವಯಮಧ್ಯವಿರಾಜಮಾನನೂ, ಏಕಾಕ್ಷರನಾಮಪ್ರಿಯನೂ ಆದ ತಿರುನಾರಾಯಣನೆಂಬ ವೀರಾಗ್ರಣಿ ಇದ್ದನು.

ಈತನು ಒಂಬತ್ತು ವರ್ಷಗಳ ಹಿಂದೆ, ಯಂತ್ರದ ನೆನಪಿನ ಒಂದು ಜಾಗದಲ್ಲಿರುವುದನ್ನು ಇನ್ನೊಂದು ಜಾಗಕ್ಕೆ ನಕಲಿಸುವ ಫಂಕ್ಷನ್ ಒಂದನ್ನು ರಚಿಸಿದ್ದನು. ಅದಕ್ಕೆ ಎರಡು ಸಂಗತಿ ತಿಳಿಸಬೇಕು: ಎಲ್ಲಿಂದ, ಎಲ್ಲಿಗೆ. ಈ ಎರಡಕ್ಕೆ ಆ ಪುಣ್ಯಾತ್ಮ ಇಟ್ಟ ಹೆಸರೇನು ಗೊತ್ತೇ? ಪಿ ಮತ್ತು ಕ್ಯೂ. ಅಷ್ಟೇ! ಕೈಪಿಡಿಯ ನಲವತ್ತಮೂರನೆಯ ಪುಟವು ‘ಪಿ ಮತ್ತು ಕ್ಯೂ ಜಾಗಗಳ ನಡುವೆ ನಕಲು ಮಾಡುತ್ತದೆ’ ಎಂದು ಹೇಳಿ ಗಂಭೀರವಾಗಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಯಾವುದು ತುಂಬಿದ ಪಾತ್ರೆ, ಯಾವುದು ಖಾಲಿ ಪಾತ್ರೆ ಎಂಬುದನ್ನು ಆ ದೇವರೇ ಬಲ್ಲ.

ಆ ಕೈಪಿಡಿಯನ್ನು ಬರೆದು ಕಾಯುತ್ತಿದ್ದವಳು ಅಲ್ಪವಿರಾಮಲೋಪಾನ್ವೇಷಣಚತುರೆಯಾದ ಸುಗುಣಾ. ಕಳೆದ ಆಷಾಢದಲ್ಲಿ ಯಾವುದೋ ಹಾಲಿನ ಡೈರಿಯ ಮೆಕ್ಯಾನಿಕ್ಕು ಈ ಪುಟವನ್ನು ನಂಬಿ, ಖಾಲಿ ಜಾಗವನ್ನು ತುಂಬಿದ ಜಾಗದ ಮೇಲೆ ನಕಲಿಸಿ, ತಂಪು ಎಂದರೇನೆಂಬುದನ್ನೇ ಟ್ಯಾಂಕಿಗೆ ಮರೆಸಿಬಿಟ್ಟಿದ್ದನು. ಎರಡು ಟ್ಯಾಂಕು ಹಾಲು ಒಡೆದುಹೋಯಿತು. ಹೆಸರಿಟ್ಟವನು ಸುಖವಾಗಿದ್ದನು, ಮೆಮೊ ಬಂದದ್ದು ಸುಗುಣಾಳಿಗೆ. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು ಎಂದು ಅದರಲ್ಲಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇಂದು ಶುಕ್ರವಾರ, ಸಂಜೆ ಐದಕ್ಕೆ ಹೊಸ ಕೈಪಿಡಿ ಅಚ್ಚಿಗೆ ಹೋಗಬೇಕು. ಆದರೆ ಫಂಕ್ಷನ್ ಬರೆದವನ ಸಹಿಯಿಲ್ಲದೆ ಅದರ ಪುಟದಲ್ಲಿ ಒಂದಕ್ಷರವನ್ನೂ ತಿದ್ದುವಂತಿಲ್ಲ ಎಂಬುದು ಆ ಕಚೇರಿಯ ಕಟ್ಟಳೆ.

ಮೂರೂವರೆಗೆ, ಕೆಂಪುಮಸಿಯ ಪೆನ್ನೆಂಬ ಖಡ್ಗವನ್ನು ಧರಿಸಿ, ನಲವತ್ತಮೂರನೆಯ ಪುಟವನ್ನೇ ಗುರಾಣಿಯಾಗಿ ಎದೆಗವಚಿಕೊಂಡು, ಆ ವೀರವನಿತೆಯು ಶತ್ರುವಿನ ಮೇಜಿನ ಮುಂದೆ ನಿಂತಳು.

“ಸರ್, ಈ ಪಿ, ಕ್ಯೂ ಬೇಡ. ‘ಎಲ್ಲಿಗೆ’, ‘ಎಲ್ಲಿಂದ’ ಅಂತಾನೇ ಹೆಸರಿಡೋಣ. ಒಂದು ಸಹಿ ಹಾಕ್ಬಿಡಿ.”

ಕಾಗದದತ್ತ ಕಣ್ಣೂ ಹಾಯಿಸದೆ ವೀರನು ಗರ್ಜಿಸಿದನು: “ಏನಮ್ಮಾ ಸುಗುಣಾ! ಒಂಬತ್ತು ವರ್ಷದಿಂದ ಓಡ್ತಿರೋ ಫಂಕ್ಷನ್ನು. ಯಂತ್ರದ ಹೊಟ್ಟೆಗೇ ಕೈ ಹಾಕೋನು ಇಷ್ಟೂ ತಿಳ್ಕೊಳ್ದೆ ಬರ್ತಾನಾ? ನಾವೇನು ಅಂಗನವಾಡಿ ಮಕ್ಕಳಿಗೆ ಬರೀತಿದೀವಾ? ಬುದ್ಧಿ ಇರೋನಿಗೆ ನೋಡಿದ ತಕ್ಷಣ ಗೊತ್ತಾಗತ್ತೆ!”

“ಆ ಮೆಕ್ಯಾನಿಕ್‌ಗೆ ಗೊತ್ತಾಗ್ಲಿಲ್ವಲ್ಲ ಸರ್. ನನಗೆ ಭಯ ಆಗತ್ತೆ, ನಿಜ ಹೇಳ್ತೀನಿ. ಮನೇಲಿ ದುಡಿಯೋಳು ನಾನೊಬ್ಳೇ.”

“ಅವನಿಗೆ ಬುದ್ಧಿ ಇರ್ಲಿಲ್ಲ, ಬಿಡು.”

“ಹಾಗಿದ್ರೆ ನೀವೇ ಒಂದ್ಸಲ ಈ ಪುಟ ಓದ್ಕೊಂಡು ಓಡ್ಸಿ ತೋರ್ಸಿ, ಸರ್. ತೋರ್ಸಿದ್ರೆ ನಾನು ಮತ್ತೆ ಕೇಳಲ್ಲ.”

ಅಯ್ಯೋ, ಗರ್ವಿಷ್ಠನಿಗೆ ಇದಕ್ಕಿಂತ ಚೆಂದದ ಗುಂಡಿ ಬೇಕೇ! ಆ ಕಚೇರಿಯವರು ಬರೆದ ಪ್ರೋಗ್ರಾಮು ಮೊದಲು ಓಡುತ್ತಿದ್ದುದು ಅವರದೇ ಕಾಫಿ ಯಂತ್ರದಲ್ಲಿ. ತಾವು ಅಟ್ಟದ್ದನ್ನು ತಾವೇ ಮೊದಲು ಉಣ್ಣಬೇಕೆಂಬುದು ಅಲ್ಲಿಯ ವ್ರತ. ಯಂತ್ರದ ನೆನಪಿನಲ್ಲಿ ಹಾಲು, ಡಿಕಾಕ್ಷನ್, ಸಕ್ಕರೆ ಎಷ್ಟೆಷ್ಟು ಸೆಕೆಂಡು ಸುರಿಯಬೇಕೆಂಬ ಅಳತೆ ಇತ್ತು. “ಇದನ್ನ ಖಾಲಿ ಜಾಗಕ್ಕೆ ನಕಲು ಮಾಡಿ ತೋರಿಸ್ತೀನಿ, ನೋಡ್ರಯ್ಯಾ!” ಎಂದು ತಿರುನಾರಾಯಣನು ತೋಳೇರಿಸಿದನು. ಹನ್ನೊಂದು ಮಂದಿ ಸಹೋದ್ಯೋಗಿಗಳ ಅಕ್ಷೋಹಿಣಿ ಸುತ್ತ ನೆರೆಯಿತು. ಕೆಳಗಿನ ಟೈರ್ ಅಂಗಡಿಯ ಗಾಳಿ ತುಂಬುವ ಯಂತ್ರವು ಶಂಖನಾದ ಮಾಡಿತು. ವೀರನು ಪಿ ಎಂಬಲ್ಲಿ ತುಂಬಿದ ಜಾಗವನ್ನೂ ಕ್ಯೂ ಎಂಬಲ್ಲಿ ಖಾಲಿ ಜಾಗವನ್ನೂ ಹೇಳಿ, ಕಿರುಬೆರಳಿನಿಂದ ಕೀಲಿಯನ್ನೊತ್ತಿ, ಮೀಸೆ ತಿರುವಿದನು.

ನಾಲ್ಕು ಗಂಟೆಯಾಯಿತು. ಕಾಫಿಯ ಹೊತ್ತು. ಮೊದಲ ಲೋಟವನ್ನು ವೀರನೇ ಹಿಡಿದನು. ಬಂದದ್ದು ಬಿಸಿನೀರು. ಎರಡನೆಯ ಲೋಟಕ್ಕೂ ಬಿಸಿನೀರು. ಪಿ ಎಂದರೆ ‘ಎಲ್ಲಿಗೆ’ ಆಗಿತ್ತು. ಖಾಲಿಯು ಹೋಗಿ ಕಾಫಿಯ ಅಳತೆಯ ಮೇಲೆ ಕುಳಿತಿತ್ತು.

“ಫಂಕ್ಷನ್ನು ಸರಿಯಾಗೇ ಇದೆ,” ಎಂದನು ವೀರನು. ಹನ್ನೊಂದು ಖಾಲಿ ಲೋಟಗಳು ಅವನತ್ತ ತಿರುಗಿದವು. ಅಳತೆ ಯಾರಿಗೂ ನೆನಪಿರಲಿಲ್ಲ. ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಹುಚ್ಚು ಆ ಕಚೇರಿಯಲ್ಲಿ ಇದ್ದದ್ದು ಒಬ್ಬಳಿಗೇ.

ನಾಲ್ಕು ನಲವತ್ತಕ್ಕೆ, ಮಾನಿಟರುದ್ವಯವನ್ನು ತೊರೆದು, ಗರ್ವಶಿಖರದಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ತಿರುನಾರಾಯಣನು ಸುಗುಣಾಳ ಮೇಜಿನ ಬಳಿ ಬಂದನು. “ಅಮ್ಮಾ, ಕಾಫಿ ಅಳತೆ ಎಲ್ಲಾದ್ರೂ ಬರ್ಕೊಂಡಿದೀಯಾ?”

ಅವಳು ತನ್ನ ಟಿಪ್ಪಣಿ ಪುಸ್ತಕ ತೆರೆದು ನೋಡಿ, ಒಂದು ಚೀಟಿಯಲ್ಲಿ ಬರೆದುಕೊಟ್ಟಳು: ಪಿ ಐದು, ಕ್ಯೂ ಏಳು, ಆರ್ ನಾಲ್ಕು.

ಸಪ್ತದಶವರ್ಷಾನುಭವಿಯು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದನು. “ಇದ್ರಲ್ಲಿ ಹಾಲು ಯಾವ್ದಮ್ಮಾ? ಸಕ್ಕರೆ ಯಾವ್ದು?”

“ಬುದ್ಧಿ ಇರೋನಿಗೆ ನೋಡಿದ ತಕ್ಷಣ ಗೊತ್ತಾಗತ್ತೆ, ಸರ್.”

ಹಿಂದೆ ನಿಂತವರಲ್ಲಿ ಒಬ್ಬರು ಕಿಸಕ್ಕೆಂದರು. ವೀರನ ಕಿವಿ ಕೆಂಪಾಯಿತು. ಅವನು ಬಹಳ ಹೊತ್ತು ಆ ಮೂರು ಅಕ್ಷರಗಳನ್ನೇ ದಿಟ್ಟಿಸಿದನು. ಆಮೇಲೆ ಕೈ ಚಾಚಿದನು. “ಎಲ್ಲಮ್ಮಾ ಆ ಪುಟ, ಕೊಡು.”

ಸಹಿ ಬಿತ್ತು. ಸುಗುಣಾ ಮಸಿ ಆರುವವರೆಗೂ ಅದನ್ನು ಕೈಬಿಡಲಿಲ್ಲ. ಆಮೇಲೆ ಚೀಟಿಯನ್ನು ವಾಪಸು ತೆಗೆದುಕೊಂಡು, ಪಿ ಹೊಡೆದುಹಾಕಿ ಸಕ್ಕರೆ, ಕ್ಯೂ ಹೊಡೆದು ಹಾಲು, ಆರ್ ಹೊಡೆದು ಡಿಕಾಕ್ಷನ್ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟಳು.

ಹೀಗೆ ಆ ಘೋರಸಂಗ್ರಾಮವು ಮುಗಿದು, ಇನ್ನೂರ ಹನ್ನೆರಡು ಪುಟಗಳ ಕೈಪಿಡಿಯೊಂದರಲ್ಲಿ ಎರಡು ಪದ ಬದಲಾದವು. ಐದಕ್ಕೆ ಕೈಪಿಡಿ ಅಚ್ಚಿಗೆ ಹೋಯಿತು. ಐದೂ ಐದಕ್ಕೆ ತಿರುನಾರಾಯಣನು ಕಾಫಿ ಹೀರಿ, “ಸಕ್ಕರೆ ಒಂಚೂರು ಜಾಸ್ತಿ ಆಯ್ತು,” ಎಂದನು.