ಎದ್ದು ನಿಂತ ಬಸ್ಸು

ಬೆಳಗಾವಿಯಲ್ಲಿ ಏನಾದರೊಂದನ್ನು ಕೈಯಲ್ಲಿ ಹಿಡಿದು ‘ಇದು ಹೆಂಗೈತ್ರಿ?’ ಎಂದು ಒಬ್ಬರನ್ನು ಕೇಳಿ ನೋಡಿ. ಕೇಳಿಸಿಕೊಂಡವರು ಒಬ್ಬರು, ಉತ್ತರ ಹೇಳುವವರು ಓಣಿ ತುಂಬ. ಎಂಬತ್ತರ ದಶಕದಲ್ಲಿ ಅನಗೋಳದ ಒಂದು ಸಣ್ಣ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ನಾನು ನಕಾಶೆ ತೆಗೆಯುತ್ತಿದ್ದಾಗ ಇಂಥ ಪ್ರಸಂಗಗಳಿಗೆ ಬರವೇ ಇರಲಿಲ್ಲ. ಬಕೆಟ್ಟು, ಮಗ್ಗು, ಸೋಪಿನ ಡಬ್ಬಿ ಮಾಡುವವರೆಗೆ ಸುಖವಾಗಿದ್ದೆವು. ಬಕೆಟ್ಟಿನ ವಿಷಯದಲ್ಲಿ ಜನ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಗೊಂಬೆಗೆ ಕೈ ಹಾಕಿದೆವು ನೋಡಿ, ಊರೆಲ್ಲ ಪರೀಕ್ಷಕರಾದರು.

೧. ಹೊರದೇಶದ ದಂಡ

ಮಿಲಿಟರಿ ಕ್ಯಾಂಪಿನ ಬಂಗಲೆಯೊಂದರ ಹಳೇ ಸಾಮಾನಿನಲ್ಲಿ ನಮ್ಮ ಮಾಲಕರಿಗೆ ಒಂದು ವಿದೇಶಿ ಆಟಿಕೆ ಸಿಕ್ಕಿತು. ನೋಡಲು ಕಾರು. ಬಾಗಿಲು ಎಳೆದು, ಮೂತಿ ತಿರುಗಿಸಿ, ಚಕ್ರ ಮಡಚಿದರೆ ಎದ್ದು ನಿಲ್ಲುವ ರೋಬೋಟ್! ಮಾಲಕರು ಊಟ ಬಿಟ್ಟು ಅದನ್ನು ಕೂರಿಸಿದರು, ಎಬ್ಬಿಸಿದರು, ಮತ್ತೆ ಕೂರಿಸಿದರು.

“ಇಂಥಾದ್ದ ನಾವೂ ಮಾಡೂಣು,” ಅಂದರು. “ಕಾರ್ ಬ್ಯಾಡ. ನಮ್ಮ ಮಂದಿ ಹತ್ತೂದು ಬಸ್ಸು. ಕೆಂಪು ಬಸ್ ಮಾಡೂಣು.”

ಒಳಗೇನಿದೆ ನೋಡುವ ಕುತೂಹಲ ನಮಗೂ ಇತ್ತು. ಬಿಚ್ಚಿದೆವು. ಮತ್ತೆ ಜೋಡಿಸಿದಾಗ ಅದು ಕಾರೂ ಆಗಲಿಲ್ಲ, ಮನುಷ್ಯನೂ ಆಗಲಿಲ್ಲ. ಮೇಲಾಗಿ ಒಂದು ಸ್ಪ್ರಿಂಗು, ಒಂದಿಷ್ಟು ಸ್ಕ್ರೂ ಮೇಜಿನ ಮೇಲೆ ಉಳಿದವು. ನಾವು ಗಾಬರಿಯಾದರೆ ಮಾಲಕರು ಅವನ್ನು ಅಂಗೈಯಲ್ಲಿ ಹಿಡಿದು ತಲೆ ಅಲ್ಲಾಡಿಸಿದರು. “ನೋಡ್ರಿ, ಹೊರದೇಶದವ್ರು ಎಷ್ಟ ದಂಡ ಸಾಮಾನ ಹಾಕ್ತಾರ!”

೨. ಸುಭೇದಾರರ ಪರೇಡು

ನಕಾಶೆ ನನ್ನದು, ಅಚ್ಚು ಕೊರೆಯುವವನು ನಮ್ಮ ಫಿಟ್ಟರ್. ಅವನು ಖಾನಾಪುರದವನು. ಅಪ್ಪ ಅಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತು ಸಂಸಾರ ಸಾಗಿಸಿದವರು. ಮಗ ಬೆಳಗಾವಿಗೆ ಬಂದು ಗೊಂಬೆ ಮಾಡುತ್ತಾನೆ ಎಂದು ಕೇಳಿ ಅವರು ಒಂದೇ ಮಾತು ಹೇಳಿದ್ದರಂತೆ: “ದೀಪಾವಳಿಗೆ ನಿನ್ನ ಗೊಂಬಿ ಪ್ಯಾಟ್ಯಾಗ ಕಾಣಬೇಕು. ಇಲ್ಲಂದ್ರ ಹೊಳ್ಳಿ ಬಂದು ಹಂಚು ಹೊರು.” ಪಾಪ, ಅವನಿಗೆ ಅದೇ ಚಿಂತೆ. ಪೇಟೆಯಲ್ಲಿ ಕಾಣಬೇಕೆಂದರೆ ರವಿವಾರ ಪೇಟೆಯ ಹೋಲ್‌ಸೇಲ್ ಸಾಹುಕಾರರು ಒಪ್ಪಬೇಕು. ಅವರ ಮುಂದೆ ಇಡುವ ಮೊದಲು ನಾಲ್ಕು ಜನರಿಗೆ ತೋರಿಸೋಣ ಎಂದರು ಮಾಲಕರು.

ಮೊದಲ ಮಾದರಿ ಬಸ್ಸಾಗಿ ಚೆಂದ ಕೂರುತ್ತಿತ್ತು. ರೋಬೋಟಾಗಿ ನಿಂತರೆ ಹಿಂದಕ್ಕೆ ವಾಲುತ್ತಿತ್ತು. ಅದನ್ನು ಕ್ಯಾಂಪಿನ ನಿವೃತ್ತ ಸುಭೇದಾರರ ಬಳಿ ಒಯ್ದೆವು. ಅವರು ಮೀಸೆ ತಿರುವಿ, ಗೊಂಬೆಯನ್ನು ಟೀಪಾಯಿ ಮೇಲೆ ನಿಲ್ಲಿಸಿ, ತಾವೂ ಎದ್ದು ನಿಂತು “ಸಾವಧಾನ್!” ಎಂದು ಗುಡುಗಿದರು. ಗೊಂಬೆ ಅಂಗಾತ ಬಿತ್ತು.

“ಕುಡದಾನೇನ್ರಿ ಇಂವ?”

“ಇಲ್ರಿ ಸಾಹೇಬ್ರ, ಹಿಮ್ಮಡ ಸ್ವಲ್ಪ ಸಣ್ಣ ಆಗೇತಿ,” ಅಂದ ಫಿಟ್ಟರ್.

ಇನ್ನೊಮ್ಮೆ ನಿಲ್ಲಿಸಿದರು, ಇನ್ನೊಮ್ಮೆ ಗುಡುಗಿದರು, ಜೊತೆಗೆ ಕಾಲನ್ನೂ ಅಪ್ಪಳಿಸಿದರು. ಗೊಂಬೆಯ ಜೊತೆಗೆ ಚಹದ ಕಪ್ಪೂ ಬಿತ್ತು. ಸುಭೇದಾರರು ಬೇಸರದಿಂದ ಕುಳಿತುಕೊಂಡರು. “ಇವ ಲಡಾಯಿಗೆ ಆಗೂದಿಲ್ಲ. ಅಡಗಿ ಮನಿಗೆ ಪೋಸ್ಟಿಂಗ್ ಹಾಕ್ರಿ.”

೩. ಕಂಡಕ್ಟರರ ಪ್ರಶ್ನೆ

ನಮ್ಮ ಓಣಿಯಲ್ಲೇ ಒಬ್ಬ ಕಂಡಕ್ಟರರಿದ್ದರು. ಖಾನಾಪುರ ಬಸ್ಸಿನ ಡ್ಯೂಟಿ. ಬಸ್ಸನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಗೊಂಬೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸುತ್ತಲೂ ತಿರುಗಿಸಿದರು. “ಬಾಗಲಾ ಬರೋಬರಿ. ಕಿಡಕಿ ಬರೋಬರಿ. ಖಾನಾಪುರ ಬೋರ್ಡೂ ಬರದೀರಿ. ಭಾರೀ ಆಗೇತಿ!”

ಫಿಟ್ಟರ್ ಹಿಗ್ಗಿಹೋದ. ಪಟಪಟನೆ ಮಡಚಿ ಬಸ್ಸನ್ನು ಎಬ್ಬಿಸಿ ಗೋಡೆಗೆ ಆನಿಸಿ ನಿಲ್ಲಿಸಿದ. ಕಂಡಕ್ಟರರ ಮುಖ ಇಳಿದುಹೋಯಿತು.

“ಒಳಗಿನ ಮಂದಿ ಎಲ್ಲಿ ಹೋದ್ರು?”

“ಗೊಂಬಿ ಐತ್ರಿ ಅದು. ಒಳಗ ಮಂದಿ ಇಲ್ರಿ,” ಅಂದೆ ನಾನು.

“ಖಾನಾಪುರ ಗಾಡ್ಯಾಗ ಮಂದಿ ಇಲ್ಲಂತೀರಿ? ನೀವು ಆ ಗಾಡಿ ಹತ್ತೇ ಇಲ್ಲ ತಗೋರಿ.”

ಹೇಳಬಾರದು, ಆ ಪ್ರಶ್ನೆ ನನ್ನ ತಲೆಯನ್ನೂ ಕೊರೆಯತೊಡಗಿತು. ನಕಾಶೆ ತೆಗೆದು ನೋಡಿದೆ: ಡ್ರೈವರನ ಸೀಟು ನೇರವಾಗಿ ಗೊಂಬೆಯ ಕಂಕುಳಿಗೆ ಹೋಗಿ ಕೂರುತ್ತಿತ್ತು. ಕೊನೆಗೆ ಕಂಡಕ್ಟರರೇ ದಾರಿ ಹೇಳಿದರು. “ಮೊದಲ ಒಂದ ಸೀಟಿ ಊದ್ರಿ. ಮಂದಿ ಇಳೀಲಿ. ಆಮ್ಯಾಲ ಬೇಕಾದ್ರ ಎದ್ದ ನಿಂದರ್ಲಿ.”

೪. ಅಜ್ಜಿಯ ಕಣ್ಣು

ರಜೆಯ ದಿನ ಫಿಟ್ಟರನ ಜೊತೆ ಖಾನಾಪುರಕ್ಕೆ ಹೋದೆ. ಅವರ ಮನೆಮಾತು ಮರಾಠಿ, ಅಪ್ಪನಿಗೆ ಕನ್ನಡವೂ ಚೆನ್ನಾಗಿ ಬರುತ್ತಿತ್ತು, ಅಜ್ಜಿಗೆ ಮಾತ್ರ ಮರಾಠಿಯೇ. ಅಪ್ಪ ಗೊಂಬೆಯನ್ನೊಮ್ಮೆ ನೋಡಿದರು, ಗೂಟಕ್ಕೆ ನೇತುಹಾಕಿದ್ದ ಹಂಚು ಹೊರುವ ಸಿಂಬಿಯನ್ನೊಮ್ಮೆ ನೋಡಿದರು.

ಅಜ್ಜಿ ಗೊಂಬೆಯನ್ನು ಮುಂದಿಟ್ಟುಕೊಂಡಳು. ನಿಲ್ಲಿಸಿದಳು, ಬಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಆಗ ಅದರ ತಲೆ ಸವರಿ ಹೇಳಿದಳು: “ಬಸ್ ರೇ ಬಾಳಾ, ಬಸ್.”

ನನಗೆ ಮೈಯೆಲ್ಲ ಪುಳಕ. “ನೋಡಪಾ! ಯಾರೂ ಹೇಳಲಾರದನ ಇದು ಬಸ್ ಅಂತ ಗುರುತ ಹಿಡದ್ಲು. ಎಂಥಾ ಕಣ್ಣು ಅಜ್ಜೀದು!”

ಫಿಟ್ಟರ್ ತಲೆ ಕೆರೆದುಕೊಂಡ. “ಬಸ್ ಅಂದ್ರ ಮರಾಠ್ಯಾಗ ‘ಕುಂದರು’ ಅಂತ್ರಿ. ನಿಂತು ನಿಂತು ಪಾಪ ದಣದಾನ, ಕುಂದರೋ ಕೂಸ ಅಂತಾಳ.”

ಅಪ್ಪ ಆಗ ಬಾಯಿಬಿಟ್ಟರು. “ಕುಂದರೂದು ಆಮ್ಯಾಲ. ಮೊದಲ ನಿಂದರಾಕ ಕಲೀಲಿ.”

೫. ರವಿವಾರ ಪೇಟೆಯ ತೀರ್ಪು

ಆ ಮಾತು ಫಿಟ್ಟರನಿಗೆ ನಾಟಿತು. ಬಸ್ಸಿನ ಹಿಂದಿನ ಚಕ್ರಗಳೇ ಗೊಂಬೆಯ ಹಿಮ್ಮಡಿಯಾಗುವಂತೆ ಅಚ್ಚನ್ನು ತಿದ್ದಿದ. ಗೊಂಬೆ ನಿಂತಿತು! ನಾವು ಮೂವರೂ, ಅಂದರೆ ಮಾಲಕರು, ಫಿಟ್ಟರ್, ನಾನು, ಅದನ್ನು ರವಿವಾರ ಪೇಟೆಗೆ ಒಯ್ದು ಸಾಹುಕಾರರ ಗಾದಿಯ ಮುಂದೆ ನಿಲ್ಲಿಸಿದೆವು.

ಸಾಹುಕಾರರು ಕನ್ನಡಕ ಏರಿಸಿ ನೋಡಿದರು. ಗಿರಾಕಿಗಳು ಬಂದರು, ಹೋದರು. ಸಾಹುಕಾರರು ಗೊಂಬೆಯನ್ನೇ ನೋಡುತ್ತಿದ್ದರು. ಗೊಂಬೆಯೂ ಜಪ್ಪಯ್ಯ ಅನ್ನದೆ ನಿಂತಿತ್ತು. ಕೊನೆಗೆ ಸಾಹುಕಾರರು ಕೈ ಎತ್ತಿ ಒಂದೇ ಮಾತು ಅಂದರು: “ಬಸ್!”

ಮಾಲಕರು ‘ಸಾಕು’ ಎಂದು ತಿಳಿದು, ಕೈಚೀಲ ಎತ್ತಿಕೊಂಡು ಬಾಗಿಲಿಗೆ ನಡೆದರು. ಫಿಟ್ಟರ್ ‘ಕುಂದರು’ ಎಂದು ತಿಳಿದು ಗಾದಿಯ ಮೇಲೆ ಧೊಪ್ಪನೆ ಕುಳಿತ. ನಾನು, ಬಸ್ಸು ತೋರಿಸು ಅಂತಾರೆ ಎಂದು ತಿಳಿದು ಗೊಂಬೆಯ ಕೈಕಾಲು ಮಡಚತೊಡಗಿದೆ.

ಸಾಹುಕಾರರು ಮೂವರನ್ನೂ ನೋಡಿದರು. “ನಿಮಗೇನಾತ್ರಿ? ನಾ ಗೊಂಬಿಗೆ ಮರಾಠ್ಯಾಗ ಅಂದ್ನಿ. ಆಗಿಂದ ನಿಂತೈತಿ ಪಾಪ, ಕುಂದರ್ಲಿ ಅಂತ!” ಎಂದವರೇ, ತಾವು ಏನು ಅಂದೆವೆಂದು ತಮಗೇ ಹೊಳೆದು ಹೊಟ್ಟೆ ಹಿಡಿದು ನಕ್ಕರು. ಗೊಂಬೆಗೇ ಕುಂದರು ಅಂದವರು ಬೇಡ ಅಂದಾರೆಯೇ? ದೀಪಾವಳಿಗೆ ಮಾಲು ಕಳಿಸಿ ಅಂದರು.

೬. ಖಾನಾಪುರದಲ್ಲಿ ಮತ್ತೊಮ್ಮೆ

ಅಂದೇ ಗೊಂಬೆ ಹಿಡಿದು ಫಿಟ್ಟರ್, ನಾನು ಇಬ್ಬರೂ ಖಾನಾಪುರಕ್ಕೆ ಓಡಿದೆವು. ಅಪ್ಪ ಅಂಗಳದಲ್ಲಿದ್ದರು. “ಸಾಹುಕಾರ್ರು ಏನಂದ್ರು?”

ಫಿಟ್ಟರನಿಗೆ ಖುಷಿಯಲ್ಲಿ ಬುದ್ಧಿ ಓಡಬೇಕಲ್ಲ! “ಬಸ್ ಅಂದ್ರು!” ಅಂದ.

ಅಪ್ಪ ಅದನ್ನು ‘ಸಾಕು’ ಎಂದು ತಿಳಿದರು. ಒಳಗೆ ಹೋಗಿ, ಗೂಟದ ಸಿಂಬಿ ತೆಗೆದು ತಂದು, ಮಗನ ಮುಂದೆ ಮೆಲ್ಲಗೆ ಇಟ್ಟರು. ನಾವಿಬ್ಬರೂ ಒಟ್ಟಿಗೆ ಬಾಯಿಬಿಟ್ಟು, ಒಬ್ಬರ ಮಾತು ಒಬ್ಬರು ಕತ್ತರಿಸುತ್ತ, ಪೇಟೆಯಲ್ಲಿ ಆದದ್ದನ್ನೆಲ್ಲ ಹೇಳಿದೆವು. ಮೊಮ್ಮಗನ ಬಾಯಿಂದ ಮರಾಠಿಯಲ್ಲಿ ಕೇಳುತ್ತಲೇ ಅಜ್ಜಿ ಗೊಂಬೆಯನ್ನು ಕಸಿದುಕೊಂಡು ಸಿಂಬಿಯ ಮೇಲೆ ಕೂರಿಸಿಬಿಟ್ಟಳು. “ಬಸ್ ರೇ ಬಾಳಾ!”

ಅಪ್ಪ ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಗೊಂಬೆಯನ್ನು ಕೈಗೆತ್ತಿಕೊಂಡು ಬಸ್ಸು ಮಾಡಿದರು. ಎಬ್ಬಿಸಿದರು. ಮತ್ತೆ ಬಸ್ಸು ಮಾಡಿ ಕಿಟಕಿಯಲ್ಲಿ ಇಣುಕಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಗಂಭೀರವಾಗಿ ಕೇಳಿದರು:

“ಅದೆಲ್ಲಾ ಖರೇ ಐತಿ. ಎದ್ದ ನಿಂತಾಗ ಒಳಗಿನ ಮಂದಿ ಎಲ್ಲಿ ಹೋಗ್ತಾರ?”